ತನ್ನ ನೋವು, ಬಂದವರ ನೋವು



ನೋವುಂಡವರಲ್ಲದೆ ನೋವನ್ನು ಅರಿಯಲಾರರು ಎಂಬ ಭಾವದ ಅಕ್ಕಮಹಾದೇವಿಯವರ ವಚನವನ್ನು ನಾವೆಲ್ಲರೂ ಪ್ರವಚನಗಳಲ್ಲಿ ಕೇಳಿದ್ದೇವೆ, ಕೇಳಿ ತಲೆದೂಗಿದ್ದೇವೆ. ಅದನ್ನೇ ತಿರುವಿ ಕೇಳಿದವರು ಮಾತ್ರ ಕಡಿಮೆ. ನೋವುಂಡವರೆಲ್ಲರೂ ಇನ್ನೊಬ್ಬರ ನೋವನ್ನು ಅರಿಯುತ್ತಾರೆಯೇ? ಅದರಲ್ಲೂ ನೋವು ಕಳೆಯುವುದನ್ನೇ ಕಾಯಕವಾಗಿ ಮಾಡಿಕೊಂಡ ವೈದ್ಯರು, ಚಿಕಿತ್ಸಕರು, ತಾವು ಹಿಂದೆ ಪಟ್ಟ ಪಾಡಿನಿಂದಾಗಿ ರೋಗಿಗೆ ಹತ್ತಿರವಾಗುತ್ತಾರೆಯೇ, ದೂರವಾಗುತ್ತಾರೆಯೇ? ಈ ಪ್ರಶ್ನೆ ನನಗೆ ಹುಟ್ಟಿದ್ದು ಪ್ರವಚನ ಮಂಟಪದಲ್ಲಲ್ಲ. ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ, ಅಂಗಿಯ ತೋಳಿಗೆ ಬಲಗೈ ತೂರಿಸಲಾಗದೆ ಕುಳಿತಿದ್ದಾಗ.

ನಾನು ತಾಳವಾಡಿ ಕಡೆಯವನು. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ವರ್ಷದಲ್ಲಿ ನಾಲ್ಕಾರು ತಿಂಗಳು ಆರ್.ಎಸ್. ಪುರಂನ ಮಗನ ಮನೆಯಲ್ಲಿರುತ್ತೇನೆ. ನಮ್ಮ ಸೀಮೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಒಂದು ಕಡೆ ಮೈಸೂರು, ಇನ್ನೊಂದು ಕಡೆ ಕೊಯಮತ್ತೂರು. ದಿಂಬಂ ಘಾಟಿಯ 27 ತಿರುವುಗಳನ್ನು ಬಸ್ಸಿನಲ್ಲಿ ಇಳಿಯುವಾಗ ನೋಯುವ ಮೈ ಇದ್ದವರಿಗೆ ಒಂದೊಂದು ತಿರುವೂ ಲೆಕ್ಕಕ್ಕೆ ಸಿಗುತ್ತದೆ. ನಾಲ್ಕು ವರ್ಷದ ಹಿಂದೆ ನಾನು ಹಾಗೆ ಲೆಕ್ಕ ಹಾಕುತ್ತ ಇಳಿದೆ. ನನ್ನ ಬಲಭುಜ ಹಿಡಿದುಕೊಂಡಿತ್ತು.

ಡಾಕ್ಟರುಗಳು ಇದನ್ನು ಫ್ರೋಜನ್ ಶೋಲ್ಡರ್ ಎನ್ನುತ್ತಾರೆ. ಭುಜದ ಕೀಲಿನ ಸುತ್ತ ಚೀಲದಂಥ ಒಂದು ಪೊರೆಯಿದೆ. ಅದು ಉರಿಯೂತದಿಂದ ದಪ್ಪಗಾಗಿ ಬಿಗಿದುಕೊಳ್ಳುತ್ತದೆ. ಮೊದಮೊದಲು ನೋವು, ಅದೂ ರಾತ್ರಿ ಹೆಚ್ಚು, ಆಮೇಲೆ ಬಿಗಿತ, ಕಡೆಗೆ ನಿಧಾನವಾಗಿ ಸಡಿಲ. ಪೂರಾ ಸರಿಹೋಗಲು ಒಂದು ವರ್ಷವೂ ಆಗಬಹುದು, ಎರಡು ಮೂರು ವರ್ಷವೂ ಆಗಬಹುದು. ನಲವತ್ತರಿಂದ ಅರವತ್ತರ ವಯಸ್ಸಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ಇದು ಹೆಚ್ಚು. ಗದ್ದಿಗೆಯ ಮೇಲೆ ಕುಳಿತು ವ್ಯಾಪಾರ ಮಾಡುವ ನಮ್ಮವರಲ್ಲಿ ಸಕ್ಕರೆ ಎಷ್ಟು ಮನೆ ಹೊಕ್ಕಿದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಬೆಳಗ್ಗೆ ವಿಭೂತಿ ಹಚ್ಚಿಕೊಳ್ಳಲು ಕೈಯನ್ನು ಹಣೆಯ ತನಕ ಎತ್ತಲಾಗದೆ ಹಣೆಯನ್ನೇ ಕೈಯ ಬಳಿಗೆ ಬಗ್ಗಿಸುತ್ತಿದ್ದೆ. ಮೊಮ್ಮಗಳು ನೋಡಿ ನಗುತ್ತಿದ್ದಳು, ಆಮೇಲೆ ನಗುವುದನ್ನು ಬಿಟ್ಟಳು.

ಮೊದಲು ಹೋದ ಕಡೆ ಇದ್ದ ಫಿಸಿಯೋಥೆರಪಿಯ ಹುಡುಗ ಒಳ್ಳೆಯವನೇ. ಕೈ ಮುಟ್ಟುವ ಮೊದಲೇ ಹೇಳಿದ: "ಐಯಾ, ನನಗೂ ಇದೇ ಬಂದಿತ್ತು. ಹಲ್ಲು ಕಚ್ಚಿ ಮಾಡಿದೆ. ಆರೇ ವಾರ, ಹೋಯಿತು." ನನಗೆ ಎಷ್ಟು ಸಮಾಧಾನವಾಯಿತೆಂದರೆ, ಇವನು ನಮ್ಮವನು ಎನಿಸಿತು. ಎರಡನೆಯ ವಾರ ಕೈಯನ್ನು ಮೇಲೆತ್ತಿ ಒತ್ತುವಾಗ ನನ್ನ ಕಣ್ಣಲ್ಲಿ ನೀರು ಬಂತು. "ನನಗೂ ಬಂದಿತ್ತು ಐಯಾ, ಇಷ್ಟಕ್ಕೆಲ್ಲ ಬಿಡಬಾರದು" ಎಂದ. ಅಂದಿನಿಂದ ನಾನು ಅವನಿಗೆ ನಿಜ ಹೇಳುವುದನ್ನು ನಿಲ್ಲಿಸಿದೆ. ಹೇಗಿದೆ ಎಂದು ಕೇಳಿದರೆ "ಪರವಾಗಿಲ್ಲ" ಎನ್ನುತ್ತಿದ್ದೆ. ರಾತ್ರಿ ನಿದ್ದೆಯಿಲ್ಲದ್ದನ್ನು ಹೇಳಲಿಲ್ಲ. ಅವನಿಗೆ ಆರು ವಾರದಲ್ಲಿ ಹೋದದ್ದು ನನಗೆ ಹೋಗದಿದ್ದರೆ ತಪ್ಪು ನನ್ನದೇ ಇರಬೇಕಲ್ಲ! ಮೂರನೆಯ ವಾರ ಹೋಗುವುದನ್ನೇ ಬಿಟ್ಟೆ. ಅರುವತ್ತು ದಾಟಿದ ಮೇಷ್ಟರು ಶಾಲೆ ತಪ್ಪಿಸಿದ ಹುಡುಗನ ಹಾಗೆ ಮನೆಯಲ್ಲಿ ಸುಳ್ಳು ಹೇಳಿದ್ದೂ ಆಯಿತು.

ಆ ಹುಡುಗನಿಗೆ ನೋವು ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ಗೊತ್ತಿತ್ತು. ಅವನು ಬಲ್ಲದ್ದು ತನ್ನ ನೋವನ್ನು.

ಇದು ಒಬ್ಬರ ಸ್ವಭಾವದ ಮಾತಲ್ಲವೆಂದು ಆಮೇಲೆ ಓದಿ ತಿಳಿದೆ. ಅಮೆರಿಕದಲ್ಲಿ ರೇಚಲ್ ರಟನ್, ಮೇರಿ ಹಂಟರ್ ಮೆಕ್‌ಡೊನೆಲ್, ಲೋರನ್ ನಾರ್ಡ್‌ಗ್ರೆನ್ ಎಂಬ ಮೂವರು ಸಂಶೋಧಕರು ಇದನ್ನೇ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಅವರ ಒಂದು ಪರೀಕ್ಷೆ ವಿಚಿತ್ರವಾಗಿದೆ. ಷಿಕಾಗೋ ನಗರದ ಪಕ್ಕದ ಮಿಷಿಗನ್ ಸರೋವರದ ಕೊರೆಯುವ ನೀರಿಗೆ ಜನ ಪಂಥ ಕಟ್ಟಿದವರಂತೆ ಧುಮುಕುವ ಒಂದು ಪದ್ಧತಿಯಿದೆ. ಧುಮುಕಬೇಕೆಂದು ಬಂದು ಚಳಿಗೆ ಹೆದರಿ ಹಿಂದೆ ಸರಿದವನೊಬ್ಬನ ಕಥೆಯನ್ನು ಕೆಲವರಿಗೆ ಅವರು ನೀರಿಗೆ ಇಳಿಯುವ ಮುಂಚೆ, ಕೆಲವರಿಗೆ ಧುಮುಕಿ ಎದ್ದ ಮೇಲೆ ಓದಲು ಕೊಟ್ಟರು. ಚಳಿಯನ್ನು ಉಂಡು ಗೆದ್ದು ಬಂದವರಿಗೇ ಆ ಹಿಂಜರಿದವನ ಮೇಲೆ ಕನಿಕರ ಕಡಿಮೆ, ತಾತ್ಸಾರ ಹೆಚ್ಚು. ಶಾಲೆಯಲ್ಲಿ ಪೀಡನೆಗೆ ಸಿಕ್ಕ ಹುಡುಗನ ಕಥೆ ಕೊಟ್ಟಾಗಲೂ ಹಾಗೆಯೇ ಆಯಿತು. ಹುಡುಗ ತಾಳಿಕೊಂಡನೆಂದು ಕಥೆಯಲ್ಲಿದ್ದಾಗ, ಹಿಂದೆ ತಾವೂ ಅದನ್ನು ಅನುಭವಿಸಿದ್ದವರು ಹೆಚ್ಚು ಮರುಗಿದರು. ತಾಳಲಾರದೆ ಕೈ ಎತ್ತಿದನೆಂದು ಇದ್ದಾಗ ಅವರೇ ಕಡಿಮೆ ಮರುಗಿದರು. ಅವರು ಕೊಡುವ ಕಾರಣ ಸರಳ. ದಾಟಿ ಬಂದ ಕಷ್ಟ ಎಷ್ಟಿತ್ತೆಂಬುದು ಮನಸ್ಸಿನಲ್ಲಿ ಪೂರಾ ಉಳಿಯುವುದಿಲ್ಲ. ದಾಟಿದೆನೆಂಬುದು ಮಾತ್ರ ಚೆನ್ನಾಗಿ ಉಳಿಯುತ್ತದೆ.

ಇದಕ್ಕೆ ಮಿಷಿಗನ್ನಿಗೆ ಹೋಗಬೇಕೇ? ನಮ್ಮ ಮನೆಯ ಹಜಾರದಲ್ಲೇ ಇದೆ. ಸೊಸೆ ಬಸುರಿಯಾಗಿ ಸೊಂಟ ನೋವೆಂದು ಮಲಗಿದರೆ "ನಾವು ಹೆತ್ತಿಲ್ಲವೇ? ಹೆರುವ ದಿನವೂ ಕಳೆ ಕೀಳುತ್ತಿದ್ದೆವು" ಎನ್ನುವ ಅತ್ತೆ ಹೆರದವಳಲ್ಲ, ಐದು ಹೆತ್ತವಳು. ತಾನು ಕಳೆ ಕಿತ್ತ ದಿನ ತನಗೆ ಹೇಗಿತ್ತೆಂಬುದು ಅವಳಿಗೆ ಮರೆತಿದೆ, ಕಿತ್ತದ್ದು ನೆನಪಿದೆ. ಅಕ್ಕನ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ನೋವು ಕಾಣದವನಿಗೆ ಬಾಗಿಲು ಎಲ್ಲಿದೆ ಎಂಬುದೂ ತಿಳಿಯುವುದಿಲ್ಲ. ಬಾಗಿಲು ಕಂಡವರೆಲ್ಲ ಒಳಗೆ ಹೋಗುತ್ತಾರೆಂಬ ಭರವಸೆ ಮಾತ್ರ ಇಲ್ಲ.

ಒಳಗೆ ಹೋದವರ ಉದಾಹರಣೆಗೆ ನಾನು ಎರಡು ಹೆಸರು ಹೇಳುತ್ತೇನೆ. ಎರಡೂ ಈ ತಮಿಳು ನೆಲದಲ್ಲಿ ಕೆಲಸ ಮಾಡಿದವರದು.

ಕೊಯಮತ್ತೂರಿನ ಅವಿನಾಶಿ ರಸ್ತೆಯ ಅರವಿಂದ ಕಣ್ಣಿನ ಆಸ್ಪತ್ರೆಗೆ ನಮ್ಮ ಕಡೆಯ ಹಿರಿಯರು ಪೊರೆ ತೆಗೆಸಲು ಹೋಗಿ ಬಂದಿರುತ್ತಾರೆ. ಅದು 1997ರಲ್ಲಿ ಆರಂಭವಾದದ್ದು. ಮೂಲ ಆಸ್ಪತ್ರೆ ಮದುರೆಯಲ್ಲಿ, 1976ರಲ್ಲಿ, 11 ಹಾಸಿಗೆಗಳಿಂದ ಶುರುವಾಯಿತು. ಅದನ್ನು ಕಟ್ಟಿದ ಡಾ. ಜಿ. ವೆಂಕಟಸ್ವಾಮಿಯವರು (1918–2006) ರೈತ ಕುಟುಂಬದ ಹುಡುಗ. ಮನೆತನದ ಹೆಣ್ಣುಮಕ್ಕಳು ಬಸುರಿನಲ್ಲಿ ತೀರಿಕೊಂಡದ್ದನ್ನು ಕಂಡು ಹೆರಿಗೆಯ ಡಾಕ್ಟರಾಗಬೇಕೆಂದು ಓದಿದವರು. ಸೇನೆಯಲ್ಲಿ ವೈದ್ಯರಾಗಿದ್ದು ಮೂವತ್ತರ ಆಸುಪಾಸಿನಲ್ಲಿದ್ದಾಗ ಕೀಲುವಾತ ಎಂಥ ರೂಪದಲ್ಲಿ ಬಂತೆಂದರೆ, ವರ್ಷಕ್ಕೂ ಮೇಲ್ಪಟ್ಟು ಹಾಸಿಗೆ ಹಿಡಿದರು, ಕೈಬೆರಳುಗಳು ಸೊಟ್ಟಗಾಗಿ ಪೆನ್ನು ಹಿಡಿಯುವುದೂ ಕಷ್ಟವಾಯಿತು. ಹೆರಿಗೆ ವೈದ್ಯದ ಆಸೆ ಬಿಡಬೇಕಾಯಿತು. ಕಣ್ಣಿನ ಶಾಸ್ತ್ರ ಕಲಿತರು. ಆ ಸೊಟ್ಟ ಬೆರಳುಗಳಿಗೇ ಶಸ್ತ್ರ ಹಿಡಿಯುವುದನ್ನು ಮತ್ತೆ ರೂಢಿಮಾಡಿ ಜೀವಮಾನದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಕಣ್ಣಿನ ಆಪರೇಷನ್ ಮಾಡಿದರು.

ಈ ಕಥೆಯನ್ನು ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ, ಬೆರಳಿನ ಪವಾಡಕ್ಕೆ ಕೈ ಮುಗಿಯುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಅದಲ್ಲ. ಅವರ ಆಸ್ಪತ್ರೆಯವರು ಹಳ್ಳಿಗಳಲ್ಲಿ ಕಣ್ಣಿನ ಶಿಬಿರ ನಡೆಸಿ ಆಪರೇಷನ್ ಉಚಿತ ಎಂದು ಸಾರಿದರೂ ಕುರುಡಾದವರು ಪೂರಾ ಬರುತ್ತಿರಲಿಲ್ಲ. "ನಾನು ಈ ಬೆರಳಿಟ್ಟುಕೊಂಡು ಇಷ್ಟು ಮಾಡಿದೆ, ಇವರಿಗೆ ಬಸ್ಸು ಹತ್ತಲು ಸೋಮಾರಿತನ" ಎಂದು ಅವರು ಅಂದುಕೊಳ್ಳಬಹುದಿತ್ತು. ಅಂದುಕೊಳ್ಳಲಿಲ್ಲ. ಏಕೆ ಬರುತ್ತಿಲ್ಲವೆಂದು ಹಳ್ಳಿಗಳಲ್ಲಿ ವಿಚಾರಿಸಿದರು. ಉಚಿತವೆಂಬುದು ಬಡವನಿಗೆ ಉಚಿತವಾಗಿರಲಿಲ್ಲ: ಬಸ್ಸಿನ ಖರ್ಚು, ಊಟದ ಖರ್ಚು, ಜತೆಗೆ ಬರುವವನ ಕೂಲಿ ನಷ್ಟ, ಅದರ ಮೇಲೆ ಕತ್ತಿಯ ಭಯ. ಆಮೇಲೆ ಶಿಬಿರದಿಂದ ಆಸ್ಪತ್ರೆಗೆ ವಾಹನ, ಊಟ, ವಸತಿ, ವಾಪಸು ಊರಿಗೆ ಬಿಡುವುದು ಎಲ್ಲವೂ ಚಿಕಿತ್ಸೆಯೊಳಗೇ ಸೇರಿತು. ಇದರಲ್ಲಿ ಯಾವುದನ್ನೂ ಅವರ ಕೀಲುವಾತ ಕಲಿಸಿರಲಾರದು. ಕೂಲಿ ತಪ್ಪುವ ಭಯ ಬೆರಳು ನೋವಿನೊಳಗೆ ಇರುವುದಿಲ್ಲ. ಅದನ್ನು ಕೂಲಿಯವನನ್ನೇ ಕೇಳಿ ತಿಳಿಯಬೇಕು.

ಎರಡನೆಯವರು ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಡಾ. ಮೇರಿ ವರ್ಗೀಸ್. ಕೊಚ್ಚಿಯಲ್ಲಿ 1925ರಲ್ಲಿ ಹುಟ್ಟಿದವರು. ಇವರ ಆಸೆಯೂ ಸ್ತ್ರೀರೋಗ ವೈದ್ಯೆಯಾಗಬೇಕೆಂಬುದೇ ಆಗಿತ್ತು. 1954ರ ಜನವರಿಯಲ್ಲಿ ಜತೆಯ ಯುವ ವೈದ್ಯರೊಂದಿಗೆ ಹೊರಟ ವಾಹನ ಅಪಘಾತಕ್ಕೀಡಾಗಿ ಬೆನ್ನುಹುರಿಗೆ ಪೆಟ್ಟು ಬಿತ್ತು. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಆಗ ಅಲ್ಲಿ ಕುಷ್ಠರೋಗಿಗಳ ಕೈಗಳನ್ನು ಆಪರೇಷನ್ ಮಾಡಿ ಮತ್ತೆ ಕೆಲಸಕ್ಕೆ ತರುತ್ತಿದ್ದ ಡಾ. ಪಾಲ್ ಬ್ರ್ಯಾಂಡ್ ಎಂಬುವರು, ಆ ಶಸ್ತ್ರಕ್ರಿಯೆಯನ್ನು ಕುಳಿತೇ ಮಾಡಬಹುದಲ್ಲ ಎಂದು ಇವರಿಗೆ ದಾರಿ ತೋರಿಸಿದರು. ಮೇರಿಯವರು ಗಾಲಿಕುರ್ಚಿಯಲ್ಲಿ ಕುಳಿತು ಶಸ್ತ್ರವೈದ್ಯೆಯಾದರು.

ಇಲ್ಲೊಂದು ಸಂಗತಿ ಹೇಳಿ ಮುಂದುವರಿಯುತ್ತೇನೆ. ಕುಷ್ಠದಲ್ಲಿ ಬೆರಳು ತಾನಾಗಿ ಕೊಳೆತು ಉದುರುತ್ತದೆಂದು ನಮ್ಮಲ್ಲಿ ಬಹಳ ಕಾಲ ನಂಬಿದ್ದರು. ಅದು ಹಾಗಲ್ಲವೆಂದು ಬ್ರ್ಯಾಂಡ್ ತೋರಿಸಿದರು. ರೋಗ ನರಗಳನ್ನು ಕೆಡಿಸುವುದರಿಂದ ಕೈಗೆ ನೋವೇ ತಿಳಿಯುವುದಿಲ್ಲ. ಬಿಸಿ ಪಾತ್ರೆ ಹಿಡಿದರೂ, ಗುದ್ದಲಿ ಕಾವು ಕೊರೆದು ಗಾಯವಾದರೂ ಕೈ ಹಿಂದೆಳೆಯುವುದಿಲ್ಲ. ಗಾಯದ ಮೇಲೆ ಗಾಯವಾಗಿ ಬೆರಳು ಸವೆಯುತ್ತದೆ. ನೋವಿಲ್ಲದಿರುವುದೇ ಅಲ್ಲಿ ಕೇಡು. ಬೆನ್ನುಹುರಿಗೆ ಪೆಟ್ಟಾದವರ ಪಾಡೂ ಹೀಗೇ. ಕುಳಿತ ಕಡೆಯೇ ಕುಳಿತರೆ ಚರ್ಮ ಒತ್ತಿ ಹುಣ್ಣಾಗುತ್ತದೆ, ಅದು ಅವರಿಗೆ ತಿಳಿಯುವುದಿಲ್ಲ. ಗಡಿಯಾರ ನೋಡಿಕೊಂಡು ಮಗ್ಗುಲು ಬದಲಿಸಬೇಕು. ಹೀಗೆ, ಕೈಯಲ್ಲಿ ಅರಿವಿಲ್ಲದ ರೋಗಿ ಒಂದು ಕಡೆ, ಕಾಲಿನಲ್ಲಿ ಅರಿವಿಲ್ಲದ ವೈದ್ಯೆ ಇನ್ನೊಂದು ಕಡೆ ಕುಳಿತಿದ್ದರು. ದಿನವೂ ತನ್ನ ಮೈಯನ್ನು ತಾನೇ ಕಣ್ಣಿನಿಂದ ಕಾಯಬೇಕೆಂಬ ಮಾತನ್ನು ಆ ರೋಗಿಗೆ ಹೇಳಲು ಅವರಿಗಿಂತ ಯೋಗ್ಯರು ಯಾರಿದ್ದರು?

ಆದರೆ ಮೇರಿಯವರು ತಮಗೆ ಗೊತ್ತಿದ್ದುದಷ್ಟೇ ಸಾಕೆಂದು ನಿಲ್ಲಲಿಲ್ಲ. ಆಸ್ಟ್ರೇಲಿಯದ ಪರ್ತ್‌ನಲ್ಲಿ ರೋಗಿಯಾಗಿ ಇದ್ದು, ಸ್ವಾಧೀನ ತಪ್ಪಿದವರು ಹೇಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಹುದೆಂಬುದನ್ನು ಕಲಿತರು. ಆಮೇಲೆ ನ್ಯೂಯಾರ್ಕಿಗೆ ಹೋಗಿ ಡಾ. ಹೋವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನರ್ವಸತಿ ವೈದ್ಯವನ್ನು ಕ್ರಮವಾಗಿ ಓದಿದರು. 1963ರಲ್ಲಿ ವೆಲ್ಲೂರಿಗೆ ಮರಳಿ ಆ ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ಬೆನ್ನುಹುರಿ ಪೆಟ್ಟಿನವರೇ ಮೊದಲಾದವರನ್ನು ಒಳರೋಗಿಗಳಾಗಿ ಇಟ್ಟುಕೊಳ್ಳುವ ಪುನರ್ವಸತಿ ಕೇಂದ್ರ ತೆರೆಯಿತು. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ತೀರಿಕೊಂಡರು. ತೆಂಗಿನ ಮರದಿಂದ ಬಿದ್ದು ಬೆನ್ನು ಮುರಿದವನ ಮನೆ ಹೇಗಿರುತ್ತದೆಂಬುದು ನಮ್ಮ ರೈತರಿಗೆ ಗೊತ್ತು. ಅಂಥವನ ಎದುರಿಗೆ ಡಾಕ್ಟರಮ್ಮನೇ ಗಾಲಿಕುರ್ಚಿಯಲ್ಲಿ ಬಂದು ನಿಂತರೆ ಅವನಿಗೆ ಏನನಿಸಿರಬೇಡ! ಆ ಧೈರ್ಯವನ್ನು ಅವರ ಗಾಯ ಕೊಟ್ಟಿತು. ಅವನನ್ನು ಎಬ್ಬಿಸಿ ಕೂರಿಸುವ ವಿದ್ಯೆಯನ್ನು ವರ್ಷಗಟ್ಟಲೆ ಕೂತು ಕಲಿಯಬೇಕಾಯಿತು.

ಮನಸ್ಸಿನ ನೋವಿಗೆ ಚಿಕಿತ್ಸೆ ಕೊಡುವವರಲ್ಲಿ ಈ ವಿಷಯ ಇನ್ನೂ ಸೂಕ್ಷ್ಮ. ಅಮೆರಿಕದ ಕಾರ್ಲ್ ರೋಜರ್ಸ್ ಎಂಬ ಮನಶ್ಶಾಸ್ತ್ರಜ್ಞರು 1957ರಲ್ಲಿ ಬರೆದ ಒಂದು ಲೇಖನದಲ್ಲಿ, ಬಂದವರ ಒಳಗಿನ ಲೋಕವನ್ನು ತನ್ನದೇ ಎಂಬಂತೆ ಅರಿಯಬೇಕು, ಆದರೆ ಆ 'ಎಂಬಂತೆ'ಯನ್ನು ಒಂದು ಗಳಿಗೆಯೂ ಕೈಬಿಡಬಾರದು ಎಂಬ ಅರ್ಥದ ಮಾತು ಹೇಳುತ್ತಾರೆ. ಮಗನನ್ನು ಕಳೆದುಕೊಂಡ ತಾಯಿಯ ಎದುರು ಚಿಕಿತ್ಸಕಿ ತಾನು ಕಳೆದುಕೊಂಡವರನ್ನು ನೆನೆದು ಅಳತೊಡಗಿದರೆ, ಆ ತಾಯಿಯೇ ಅವಳನ್ನು ಸಂತೈಸಬೇಕಾಗುತ್ತದೆ. ಸಾವಿನ ಮನೆಗೆ ಮಾತಾಡಿಸಲು ಹೋದವರು ತಮ್ಮ ಮನೆಯ ಹಳೆಯ ಸಾವುಗಳನ್ನೇ ಹೇಳಿ ಎದ್ದು ಬರುವುದನ್ನು ನಾವು ಎಷ್ಟು ಕಂಡಿಲ್ಲ. ಮನೋವಿಶ್ಲೇಷಣೆಯನ್ನು ಕಲಿಯುವವರು ಮೊದಲು ತಾವೇ ಇನ್ನೊಬ್ಬರ ಮುಂದೆ ರೋಗಿಯ ಹಾಗೆ ಕುಳಿತು ತಮ್ಮ ಒಳಗನ್ನು ಶೋಧಿಸಿಕೊಳ್ಳಬೇಕೆಂಬ ನಿಯಮ ಇರುವುದು ಇದಕ್ಕೇ.

ಇನ್ನು ನನ್ನ ಭುಜದ ಕಥೆ. ಸುಳ್ಳು ಬಯಲಾಗಿ, ಮಗ ಸಿಟ್ಟುಮಾಡಿ, ಎರಡು ತಿಂಗಳ ಮೇಲೆ ದಿವಾನ್ ಬಹದ್ದೂರ್ ರಸ್ತೆಯ ಅಡ್ಡಬೀದಿಯೊಂದರ ಬೇರೊಂದು ಸಣ್ಣ ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದ. ಅಲ್ಲಿದ್ದವರು ನಲವತ್ತರ ಒಬ್ಬ ಹೆಣ್ಣುಮಗಳು, ತಮಿಳಿನವರು. ಕೈ ಮುಟ್ಟಲಿಲ್ಲ. ಮೊದಲು, "ನೋವು ಹೇಗಿದೆ?" ಎಂದು ಕೇಳಿದರು. ನಾನು ನನ್ನ ಗಡಿನಾಡ ತಮಿಳಿನಲ್ಲಿ "ವಲಿ ಇದೆಯಮ್ಮ, ತುಂಬ ವಲಿ" ಎಂದೆ. ಅವರು ನಕ್ಕು, "ಐಯಾ, ನೀವು ಕನ್ನಡದಲ್ಲೇ ಹೇಳಿ. ಅರ್ಥವಾಗದಿದ್ದರೆ ಕೇಳುತ್ತೇನೆ" ಎಂದರು.

ಕನ್ನಡದಲ್ಲಿ ಹೇಳಲು ಹೊರಟರೆ ನನಗೇ ಆಶ್ಚರ್ಯವಾಯಿತು. ಹಗಲು ಇರುವುದು ಬಿಗಿತ. ಕೈ ಹಿಂದಕ್ಕೆ ಹೋದರೆ ಚಳಕು. ಮಧ್ಯರಾತ್ರಿ ಬರುವುದು ಸೆಳೆತ, ಮೂಳೆಯೊಳಗಿಂದ ಕೊರೆದ ಹಾಗೆ. ಬೆಳಗಿನ ಜಾವ ಬೆರಳತುದಿಗೆ ಜೋಮು. ಅವರು ಒಂದೊಂದಕ್ಕೂ ತಮಿಳಿನಲ್ಲಿ ಪದ ಹುಡುಕಿ, ಇದು ಕುಡೈಚ್ಚಲ್ಲೋ ಎರಿಚ್ಚಲ್ಲೋ ಎಂದು ಕೇಳಿ ಬರೆದುಕೊಂಡರು. ಮೂರು ವಾರ 'ವಲಿ' ಎಂಬ ಒಂದೇ ಪದದೊಳಗೆ ತುರುಕಿಟ್ಟಿದ್ದದ್ದು ನಾಲ್ಕು ತುಂಡಾಗಿ ಹೊರಗೆ ಬಂತು. ಹೀಗೆ ಕೇಳುವುದಕ್ಕೆ ಶಾಸ್ತ್ರವೂ ಇದೆ. ಕೆನಡಾದ ರೊನಾಲ್ಡ್ ಮೆಲ್ಜಾಕ್ ಎಂಬುವರು ರೋಗಿಗಳು ನೋವಿಗೆ ಬಳಸುವ 78 ಪದಗಳನ್ನು 20 ಗುಂಪು ಮಾಡಿ 1975ರಲ್ಲಿ ಒಂದು ಪ್ರಶ್ನಾವಳಿ ಹೊರತಂದರು. ಉರಿಯೋ, ಇರಿತವೋ, ಮಿಡಿತವೋ ಎಂಬುದರಿಂದ ನೋವು ನರದ್ದೋ, ಸ್ನಾಯುವಿನದೋ, ಕೀಲಿನದೋ ಎಂದು ಊಹಿಸಲು ದಾರಿಯಾಗುತ್ತದೆ. ಗಡಿಯಲ್ಲಿ ಬದುಕುವ ನಮಗೆ ಇದರಲ್ಲಿ ಒಂದು ಕಷ್ಟವಿದೆ: ವ್ಯಾಪಾರಕ್ಕೆ ಸಾಲುವ ತಮಿಳು ನೋವಿಗೆ ಸಾಲುವುದಿಲ್ಲ. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿ ಎರಡು ಭಾಷೆಯನ್ನೂ ಬಲ್ಲವರು ಯಾರೋ ಅವರನ್ನು ಕರೆದೊಯ್ಯಿರಿ. ಕಾರು ಓಡಿಸಲು ಬರುವವರನ್ನಷ್ಟೇ ಅಲ್ಲ.

ಚಿಕಿತ್ಸೆ ನಿಧಾನ. ಬಾಗಿ ನಿಂತು ಕೈಯನ್ನು ಗಡಿಯಾರದ ಲೋಲಕದಂತೆ ತೂಗುವುದು, ಗೋಡೆಯ ಮೇಲೆ ಬೆರಳು ನಡೆಸುವುದು, ಕೋಲು ಹಿಡಿದು ಎತ್ತುವುದು. ಮೊದಲ ಹುಡುಗ ಹೇಳಿಕೊಟ್ಟದ್ದೂ ಬಹುಮಟ್ಟಿಗೆ ಇದೇ. ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ಗೆರೆ ಹಾಕಿ, ನೋವು ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ನಿಲ್ಲಿಸಿ ಎನ್ನುತ್ತಿದ್ದರು ಈಕೆ. ಗೆರೆಯನ್ನು ನಾನು ಹಾಕಬೇಕು, ಅವರಲ್ಲ. ಹೆಚ್ಚಾಯಿತೆಂದರೆ ನಂಬುತ್ತಿದ್ದರು. ನೋವಿದೆ ಎಂದಾಗ ಎದುರಿನವರು ನಂಬಿದರೆ ಅರ್ಧ ಇಳಿಯುತ್ತದೆಂದು ಹೇಳಿದರೆ ಅತಿಶಯೋಕ್ತಿಯಾದೀತು, ಇಳಿಯುವುದಿಲ್ಲ. ಆದರೆ ನಾಳೆ ಮತ್ತೆ ಬರಬಹುದು ಎನಿಸುತ್ತದೆ. ಆಲಿವರ್ ಸ್ಯಾಕ್ಸ್ ಎಂಬ ಹೆಸರಾಂತ ನರವೈದ್ಯರು 1974ರಲ್ಲಿ ನಾರ್ವೆಯ ಬೆಟ್ಟದಲ್ಲಿ ಬಿದ್ದು ಕಾಲು ಕೆಡಿಸಿಕೊಂಡಾಗ, ಆಪರೇಷನ್ ಆದ ಮೇಲೆ ಆ ಕಾಲು ತನ್ನದೇ ಅಲ್ಲವೆಂಬಂತೆ ಅನಿಸತೊಡಗಿತು. ಶಸ್ತ್ರವೈದ್ಯರು ಅಂಥದ್ದೇನೂ ಇಲ್ಲವೆಂದು ತಳ್ಳಿಹಾಕಿದರು. ಪೆಟ್ಟಾದ ಕಾಲಿಗಿಂತ ಆ ತಳ್ಳಿಹಾಕಿದ ಮಾತು ಅವರನ್ನು ಹೆಚ್ಚು ಕಾಡಿತು. ಅದನ್ನೇ ಮುಂದೆ ಒಂದು ಪುಸ್ತಕವಾಗಿ ಬರೆದರು.

ಏಳು ತಿಂಗಳಿಗೆ ನನ್ನ ಕೈ ಹಣೆಗೆ ಬಂತು. ಇಂದಿಗೂ ಬೆನ್ನ ಹಿಂದೆ ಪೂರಾ ಹೋಗುವುದಿಲ್ಲ.

ಆ ಏಳು ತಿಂಗಳಲ್ಲಿ ಆಕೆ ತಮ್ಮ ವಿಷಯ ಒಮ್ಮೆಯೂ ಎತ್ತಲಿಲ್ಲ. ಕಡೆಯ ದಿನ ನಾನು ಹೊರಟು ನಿಂತಾಗ, ಒಂದು ಮಾತು ಕೇಳಿದೆ. "ಅಮ್ಮಾ, ನಿಮ್ಮಲ್ಲಿ ಕುರ್ಚಿಗಳೆಲ್ಲ ಇಷ್ಟು ಎತ್ತರ ಏಕೆ? ಅಂಗಿ ತೂಗುಹಾಕುವ ಗೂಟ ಏಕೆ ಸೊಂಟದ ಮಟ್ಟಕ್ಕಿದೆ?" ಗೂಟ ಭುಜದವರಿಗಾಗಿ, ಕೈ ಎತ್ತಲಾಗದ ಒಬ್ಬ ಅಜ್ಜಿ ಹೇಳಿದ ಮೇಲೆ ಇಳಿಸಿದ್ದು ಎಂದರು. ಕುರ್ಚಿಯ ವಿಷಯಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ಕಾಲೇಜಿನಲ್ಲಿದ್ದಾಗ ಸೊಂಟದ ಡಿಸ್ಕ್ ಜಾರಿ ಒಂದು ವರ್ಷ ಓದು ನಿಂತಿತ್ತು. ಆಗ ಹೋದ ಆಸ್ಪತ್ರೆಯಲ್ಲಿ ಕಾಯುವವರ ಬೆಂಚು ಬಹಳ ತಗ್ಗು. ಹೆಸರು ಕರೆದಾಗ ಏಳಲಾರದೆ, ಎರಡು ಸಲ ಸರದಿ ತಪ್ಪಿತ್ತಂತೆ.